ಕಾಲಾಳಿನ ಭೂಪಟ

ಕಿಷ್ಕಿಂಧಾಕಾಂಡವನ್ನು ಓದಿದವರಿಗೆ ಒಂದು ಪ್ರಸಂಗವು ನೆನಪಿನಲ್ಲಿ ಇದ್ದೇ ಇರುತ್ತದೆ. ಸೀತೆಯನ್ನು ಹುಡುಕುವುದಕ್ಕಾಗಿ ಸುಗ್ರೀವನು ವಾನರಸೇನೆಯನ್ನು ನಾಲ್ಕು ದಿಕ್ಕುಗಳಿಗೂ ಕಳುಹಿಸುತ್ತಾನೆ. ಕಳುಹಿಸುವ ಮೊದಲು, ಯಾವ ದಿಕ್ಕಿನಲ್ಲಿ ಯಾವ ನದಿ, ಯಾವ ಪರ್ವತ, ಯಾವ ಜನಪದ, ಎಲ್ಲಿ ಹಿಂದಿರುಗಬೇಕು, ಎಷ್ಟು ದಿನದ ಒಳಗೆ ಹಿಂದಿರುಗಬೇಕು ಎಂಬುದೆಲ್ಲವನ್ನೂ ವಿವರವಾಗಿ ಹೇಳುತ್ತಾನೆ. ಇಷ್ಟೆಲ್ಲ ಭೂಗೋಳವು ನಿನಗೆ ಹೇಗೆ ತಿಳಿಯಿತೆಂದು ಶ್ರೀರಾಮನೇ ಆಶ್ಚರ್ಯಪಟ್ಟು ಕೇಳುತ್ತಾನೆ. ವಾಲಿಯ ಭಯದಿಂದ ಭೂಮಂಡಲವನ್ನೆಲ್ಲಾ ಸುತ್ತಿ ಓಡಿದ್ದರಿಂದ ತಿಳಿಯಿತೆಂದು ಸುಗ್ರೀವನ ಉತ್ತರ. ಕಾಲಾಳಿಗೆ ಭೂಪಟವು ಏತಕ್ಕೆ ಬೇಕು, ಅದು ಹೇಗೆ ಹುಟ್ಟುತ್ತದೆ ಎಂಬ ಎರಡು ಪ್ರಶ್ನೆಗಳಿಗೂ ಈ ಸಂವಾದದಲ್ಲಿಯೇ ಸಮಾಧಾನವುಂಟು. ಒಬ್ಬನು ನಡೆದು ತಿಳಿದುದನ್ನು ಇನ್ನೊಬ್ಬನು ನಡೆಯುವ ಮೊದಲೇ ತಿಳಿಯಬೇಕಾಗಿದೆ. ವಾನರರು ಅದನ್ನು ಕಿವಿಯಲ್ಲಿ ಹೊತ್ತು ನಡೆದರು. ಇಂದಿನ ಕಾಲಾಳು ಕಾಗದದಲ್ಲಿ ಹೊತ್ತು ನಡೆಯುತ್ತಾನೆ.

ಆ ಕಿಷ್ಕಿಂಧೆಯೆಂದು ನಮ್ಮ ಜನರು ನಂಬಿಕೊಂಡು ಬಂದಿರುವ ಆನೆಗೊಂದಿಯ ಸೀಮೆ, ಅಂಜನಾದ್ರಿಯ ಬೆಟ್ಟ, ಇವು ಇರುವುದು ಗಂಗಾವತಿಯ ನೆರೆಯಲ್ಲಿ. ಆದುದರಿಂದ ಕಾಲಾಳು ಭೂಪಟವನ್ನು ಹೇಗೆ ಹೊರಬೇಕು, ಹೇಗೆ ಅಣಿಮಾಡಿಕೊಳ್ಳಬೇಕು ಎಂಬ ವಿಷಯವನ್ನು ಕುರಿತು ಮಾತನಾಡುವಾಗ, ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ಊರುಗಳ ನಡುವಣ ನೆಲವನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳುವುದು ಉಚಿತವೆಂದು ನಮಗೆ ತೋರಿದೆ. ಈ ನೆಲದ ಮೇಲೆ ಸೈನ್ಯಗಳು ನಡೆದದ್ದು ಒಂದು ಬಾರಿಯಲ್ಲ, ಹಲವು ಬಾರಿ. ಟಿಪ್ಪೂ ಸುಲ್ತಾನನು ಬಲಪಡಿಸಿದ್ದ ಕೊಪ್ಪಳದ ದುರ್ಗವನ್ನು ನಿಜಾಮನ ಸೈನ್ಯವು ಇಂಗ್ಲಿಷರ ತುಕಡಿಯೊಂದರ ಸಹಾಯದಿಂದ 1790ರ ಅಕ್ಟೋಬರಿನಲ್ಲಿ ಮುತ್ತಿತು. ಸುಮಾರು ಆರು ತಿಂಗಳು ದುರ್ಗವು ಜಗ್ಗಲಿಲ್ಲ. ಬೆಂಗಳೂರು ಬಿದ್ದ ಮೇಲೆ, 1791ರ ಏಪ್ರಿಲಿನಲ್ಲಿ ಅದು ಶರಣಾಯಿತು. 1858ರಲ್ಲಿ ಮುಂಡರಗಿಯ ಭೀಮರಾಯನು ಇಂಗ್ಲಿಷರ ವಿರುದ್ಧವಾಗಿ ಎದ್ದು ನಿಂತು ಕಾದಿ ಮಡಿದದ್ದೂ ಇದೇ ದುರ್ಗದಲ್ಲಿ. 1947–48ರಲ್ಲಿ ಹೈದರಾಬಾದ್ ಸಂಸ್ಥಾನದ ವಿಮೋಚನೆಗಾಗಿ ಹೋರಾಡಿದವರು ಗಡಿಯ ಆಚೆ ಮುಂಡರಗಿ, ಗಜೇಂದ್ರಗಡಗಳಲ್ಲಿ ಶಿಬಿರಗಳನ್ನು ಹೂಡಿದ್ದರು. 1948ರ ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯವು ಹೊಸಪೇಟೆಯ ಕಡೆಯಿಂದ ಬಂದು ತುಂಗಭದ್ರೆಯ ಸೇತುವೆಯನ್ನು ವಶಪಡಿಸಿಕೊಂಡಿತು.

ಈ ಪ್ರಾಂತದ ಭೂಪಟವಾದರೂ ಯುದ್ಧದ ಕೂಸೇ. ಹದಿನೆಂಟನೆಯ ಶತಮಾನದ ಸೈನ್ಯಗಳು ದಾರಿಯನ್ನು ಕೇಳಿದ್ದು ಹರಿಕಾರರನ್ನು, ಬಣಜಾರರನ್ನು. ಅವರ ಬಾಯಲ್ಲಿದ್ದದ್ದು ಊರಿನಿಂದ ಊರಿಗೆ ಎಷ್ಟು ಹರದಾರಿ ಎಂಬ ಪಟ್ಟಿ. ದಾರಿಯ ಎಡಬಲಗಳಲ್ಲಿ ಏನಿದೆಯೆಂಬುದು ಅದರಿಂದ ತಿಳಿಯುವಂತಿರಲಿಲ್ಲ. 1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದವಾದ ಕೂಡಲೆ, ನಿಜಾಮನ ಸೀಮೆಯ ಭೂಗೋಳವನ್ನು ತಿಳಿದುಕೊಂಡು ಬರುವುದಕ್ಕಾಗಿ ಕಾರ್ನ್‌ವಾಲಿಸನು ಕಾಲಿನ್ ಮೆಕೆಂಜಿ ಎಂಬ ಇಂಜಿನಿಯರನ್ನು ಕಳುಹಿಸಿದನು. ನಮ್ಮ ನಾಡಿನ ಶಾಸನಗಳನ್ನೂ ಕೈಫಿಯತ್ತುಗಳನ್ನೂ ಕೂಡಿಹಾಕಿದ ಮೆಕೆಂಜಿಯು ಇವನೇ. ಮುಂದೆ ಮೈಸೂರಿನ ಮೋಜಣಿಯನ್ನು ನಡೆಯಿಸಿ, 1815ರಲ್ಲಿ ಇಡೀ ಭಾರತದ ಮೊದಲನೆಯ ಸರ್ವೇಯರ್ ಜನರಲ್ ಆದನು. ದುರ್ಗದ ಮುಂದೆ ಆರು ತಿಂಗಳು ಕುಳಿತವರಿಗೆ ಭೂಪಟದ ಬೆಲೆ ಯಾರೂ ಹೇಳಿಕೊಡದೆಯೇ ಗೊತ್ತಾಗಿದ್ದಿರಬೇಕು.

ಇನ್ನು ಪ್ರಕೃತ ವಿಷಯಕ್ಕೆ ಬರೋಣ. ಕಾಲಾಳಿನ ಮುಂದೆ ಬರುವ ಮೊದಲನೆಯ ಪ್ರಶ್ನೆ ಭೂಪಟವನ್ನು ಹೇಗೆ ಓದಬೇಕೆಂಬುದಲ್ಲ. ಯಾವ ಹಾಳೆಯನ್ನು ಕೈಗೆ ತೆಗೆದುಕೊಳ್ಳಬೇಕೆಂಬುದು. ದೇಶದ ಭೂಪಟವು ಒಂದೇ ಹಾಳೆಯಲ್ಲಿ ಅಡಗತಕ್ಕದ್ದಲ್ಲ. ಭಾರತೀಯ ಸರ್ವೇಕ್ಷಣ ಇಲಾಖೆಯವರು ದೇಶವನ್ನು ಅಕ್ಷಾಂಶ ರೇಖಾಂಶಗಳ ಪ್ರಕಾರ ಮನೆಗಳಾಗಿ ಕೊಯ್ದಿದ್ದಾರೆ. ನಾಲ್ಕು ಡಿಗ್ರಿ ಅಗಲ, ನಾಲ್ಕು ಡಿಗ್ರಿ ಎತ್ತರದ ದೊಡ್ಡ ಮನೆಗೆ ಒಂದು ಅಂಕಿ. ಅದರೊಳಗೆ ಒಂದೊಂದು ಡಿಗ್ರಿಯ 16 ಮನೆಗಳು; ಅವುಗಳಿಗೆ ಎ ಇಂದ ಪಿ ವರೆಗೆ ಇಂಗ್ಲಿಷ್ ಅಕ್ಷರಗಳು. ಆ ಒಂದೊಂದರೊಳಗೆ ಮತ್ತೆ ಹದಿನೈದು ಹದಿನೈದು ಮಿನಿಟುಗಳ 16 ಮನೆಗಳು. ಅವುಗಳಿಗೆ 1 ರಿಂದ 16 ರವರೆಗೆ ಅಂಕಿಗಳು. ಈ ಕಡೆಯ ಮನೆಯೇ ಕಾಲಾಳಿನ ಹಾಳೆ. ಹಿಂದೆ ಇದು ಮೈಲಿಗೆ ಒಂದು ಅಂಗುಲದ ಪ್ರಮಾಣದಲ್ಲಿ ಅಚ್ಚಾಗುತ್ತಿತ್ತು. ಮೆಟ್ರಿಕ್ ಪದ್ಧತಿ ಬಂದ ಮೇಲೆ ಐವತ್ತು ಸಾವಿರಕ್ಕೆ ಒಂದರ ಪ್ರಮಾಣಕ್ಕೆ ಬದಲಾಯಿತು. ಎಂದರೆ ನೆಲದ ಮೇಲಣ ಒಂದು ಕಿಲೋಮೀಟರು ಕಾಗದದ ಮೇಲೆ ಎರಡು ಸೆಂಟಿಮೀಟರು.

ನಮ್ಮ ನಾಲ್ಕು ಊರುಗಳು 57ನೆಯ ಅಂಕಿಯ ಎ ಮನೆಯಲ್ಲಿ ಇವೆ. ಉತ್ತರ ಅಕ್ಷಾಂಶ 15 ರಿಂದ 16, ಪೂರ್ವ ರೇಖಾಂಶ 76 ರಿಂದ 77, ಇದು ಅದರ ಎಲ್ಲೆ. ಒಳಗಿನ 16 ಹಾಳೆಗಳ ಎಣಿಕೆಯಲ್ಲಿ ಒಂದು ಕ್ರಮವುಂಟು. ವಾಯವ್ಯದ ಮೂಲೆಯಲ್ಲಿ 1, ಅಲ್ಲಿಂದ ಕೆಳಗೆ 2, 3, 4, ಮತ್ತೆ ಮೇಲಿನಿಂದ ಪಕ್ಕದ ಸಾಲಿನಲ್ಲಿ 5, 6, 7, 8, ಹೀಗೆಯೇ ಮುಂದೆ. ಆದುದರಿಂದ ದಕ್ಷಿಣಕ್ಕೆ ಒಂದು ಹಾಳೆ ಇಳಿದರೆ ಅಂಕಿಗೆ 1 ಕೂಡುತ್ತದೆ; ಪೂರ್ವಕ್ಕೆ ಒಂದು ಹಾಳೆ ನಡೆದರೆ 4 ಕೂಡುತ್ತದೆ. ಈ ಒಂದು ಸೂತ್ರವನ್ನು ಬಾಯಿಪಾಠಮಾಡಿಕೊಂಡ ಸಿಪಾಯಿಯು ಕತ್ತಲೆಯಲ್ಲಿಯೂ ಮುಂದಿನ ಹಾಳೆ ಯಾವುದೆಂದು ಹೇಳಬಲ್ಲನು. ಕೊಪ್ಪಳವು 3ನೆಯ ಹಾಳೆಯಲ್ಲಿ ಇದೆ. ಅಲ್ಲಿಂದ ಪೂರ್ವಕ್ಕೆ ಹೊರಟರೆ 7ನೆಯ ಹಾಳೆ, ಅದರಲ್ಲಿ ಆನೆಗೊಂದಿ, ಹಂಪೆ. ಅದನ್ನು ದಾಟಿದರೆ 11ನೆಯ ಹಾಳೆ, ಅದರಲ್ಲಿ ಗಂಗಾವತಿ. ಕೊಪ್ಪಳದಿಂದ ಉತ್ತರಕ್ಕೆ ಹೊರಟರೆ 2, ಅನಂತರ 1.

ಹೇಳುವುದಕ್ಕೆ ಸುಲಭ, ತೊಡಕು ಇರುವುದು ಅಂಚುಗಳಲ್ಲಿ. ಅಕ್ಷಾಂಶ ರೇಖಾಂಶಗಳು ಊರುಗಳನ್ನು ಕೇಳಿಕೊಂಡು ಹಾದುಹೋಗುವುದಿಲ್ಲ. ಕುಷ್ಟಗಿಯನ್ನು ನೋಡಿರಿ. 15 ಡಿಗ್ರಿ 45 ಮಿನಿಟಿನ ಅಕ್ಷಾಂಶ, ಎಂದರೆ 1 ಮತ್ತು 2ನೆಯ ಹಾಳೆಗಳನ್ನು ಬೇರ್ಪಡಿಸುವ ಗೆರೆ, ಊರಿಗೆ ತಗಲಿದಂತೆಯೇ ಹೋಗುತ್ತದೆ. ಊರಿನ ಹಾಳೆಯನ್ನು ಮಾತ್ರ ಹಿಡಿದವನಿಗೆ ಊರಿನ ದಕ್ಷಿಣದ ಹೊಲಗಳು ಕಾಣವು. ಯಲಬುರ್ಗಾದ ಸ್ಥಿತಿಯು ಇದಕ್ಕಿಂತಲೂ ವಿಚಿತ್ರ. ಅದು 76ನೆಯ ರೇಖಾಂಶದಿಂದ ಪೂರ್ವಕ್ಕೆ ಒಂದೆರಡು ಕಿಲೋಮೀಟರು ದೂರದಲ್ಲಿ ಮಾತ್ರ ಇದೆ. ಆ ಗೆರೆಯ ಪಶ್ಚಿಮಕ್ಕೆ ಬರುವುದು 56 ಅಲ್ಲ, 57ರ ಬೇರೊಂದು ಅಕ್ಷರವೂ ಅಲ್ಲ. 48ನೆಯ ಅಂಕಿಯ ಎಮ್ ಮನೆಯ 14ನೆಯ ಹಾಳೆ. ಯಲಬುರ್ಗಾದಿಂದ ಗಜೇಂದ್ರಗಡದ ಕಡೆಗೆ ಹೊರಟ ಪಡೆಗೆ 57 ಎ ಮನೆಯ ಹದಿನಾರು ಹಾಳೆಗಳನ್ನೂ ಕಟ್ಟಿ ಕೊಟ್ಟರೂ, ಅರ್ಧ ಗಂಟೆಯ ನಡಿಗೆಯಲ್ಲಿ ಅವರು ಕಾಗದದ ಅಂಚಿಗೆ ಬಂದು ನಿಲ್ಲುತ್ತಾರೆ. ಹಾಗೆಯೇ ಗಂಗಾವತಿಯಿಂದ ವಾಯವ್ಯಕ್ಕೆ ಏಳೆಂಟು ಕಿಲೋಮೀಟರು ದೂರದಲ್ಲಿ 6, 7, 10, 11 ಈ ನಾಲ್ಕು ಹಾಳೆಗಳ ಮೂಲೆಗಳು ಒಂದೇ ಬಿಂದುವಿನಲ್ಲಿ ಕೂಡುತ್ತವೆ. ಆ ನೆಲದ ಮೇಲೆ ನಿಂತವನಿಗೆ ಸುತ್ತಲಿನ ಒಂದು ಹರದಾರಿಯನ್ನು ತಿಳಿಯುವುದಕ್ಕೆ ನಾಲ್ಕು ಹಾಳೆಗಳು ಬೇಕು.

ಆದುದರಿಂದ ಮೊದಲನೆಯ ನಿಯಮವು ಇದು. ಹೊರಡುವ ಮೊದಲು ಒಂದು ಚಿಕ್ಕ ಚೀಟಿಯ ಮೇಲೆ ಹಾಳೆಗಳ ಮನೆಗಳನ್ನು ಗೀಚಿ, ಅಂಕಿಗಳನ್ನು ಬರೆದು, ನಡೆಯಬೇಕಾದ ದಾರಿಯ ಹಾಳೆಗಳ ಜೊತೆಗೆ ಅವುಗಳ ನೆರೆಯ ಹಾಳೆಗಳನ್ನೂ ಗುರುತುಮಾಡಿಕೊಳ್ಳಬೇಕು. ದಾರಿಯು ಅಂಚಿನಿಂದ ನಾಲ್ಕು ಕಿಲೋಮೀಟರಿನ ಒಳಗೆ ಎಲ್ಲಿ ಹಾದುಹೋದರೂ ನೆರೆಯ ಹಾಳೆಯನ್ನು ತೆಗೆದುಕೊಳ್ಳತಕ್ಕದ್ದು. ಶತ್ರುವಿನ ಗುಂಡು ಬಂದಾಗ ಸೈನಿಕನು ಯೋಜನೆಯಂತೆ ನಡೆಯಲಾರನು, ಪಕ್ಕಕ್ಕೆ ಸರಿಯುತ್ತಾನೆ. ಸರಿದ ಕಡೆ ಭೂಪಟವಿಲ್ಲದಿದ್ದರೆ ಗಾಯಾಳುವನ್ನು ಹೊತ್ತುಕೊಂಡು ನೀರಿಲ್ಲದ ದಿಕ್ಕಿಗೆ ನಡೆಯುವ ಸಂಭವವುಂಟು.

ಎರಡನೆಯದು ಜೋಡಿಸುವುದು ಮತ್ತು ಮಡಿಸುವುದು. ಇದು ಅಲ್ಪವಿಷಯವೆಂದು ನಗರವಾಸಿಗಳಿಗೆ ತೋರಬಹುದು. ಗಾಳಿಯಲ್ಲಿ, ಮಳೆಯಲ್ಲಿ, ಒಂದು ಕೈಯಲ್ಲಿ ಬಂದೂಕನ್ನು ಹಿಡಿದುಕೊಂಡು, ಎರಡು ಅಡಿ ಚೌಕದ ಕಾಗದವನ್ನು ಬಿಡಿಸಿ ನೋಡುವ ಪ್ರಯತ್ನವನ್ನು ಮಾಡಿದವರಿಗೆ ಹಾಗೆ ತೋರಲಾರದು. ಕೊಪ್ಪಳದಿಂದ ಗಂಗಾವತಿಗೆ ನೇರವಾದ ದೂರವು ಸುಮಾರು 42 ಕಿಲೋಮೀಟರು. ಕಾಲಾಳಿಗೆ ಎರಡು ದಿನದ ದಾರಿ. 3, 7, 11 ಈ ಮೂರು ಹಾಳೆಗಳನ್ನು ಪಕ್ಕಪಕ್ಕಕ್ಕೆ ಜೋಡಿಸಿದರೆ ಒಂದೂವರೆ ಮೀಟರಿಗೂ ಮೀರಿದ ಉದ್ದವಾಗುತ್ತದೆ. ಜೋಡಿಸುವಾಗ ಒಂದು ಹಾಳೆಯ ಒಂದು ಬದಿಯ ಬಿಳಿಯ ಅಂಚನ್ನು ಮಾತ್ರ ಕತ್ತರಿಸಿ, ನೆರೆಯ ಹಾಳೆಯ ಗೆರೆಯ ಮೇಲೆ ಸರಿಯಾಗಿ ಕೂಡುವಂತೆ ಅಂಟಿಸಬೇಕು. ದಾರಿಗಳು, ಹಳ್ಳಗಳು, ಎತ್ತರದ ಗೆರೆಗಳು ಎರಡು ಕಡೆಯೂ ಮುರಿಯದೆ ಹೊಂದಬೇಕು. ಕತ್ತರಿಸಿದ ಅಂಚನ್ನು ಎಸೆಯಕೂಡದು. ಅದರ ಮೇಲೆ ಹಾಳೆಯ ಅಂಕಿ, ಮೋಜಣಿಯಾದ ವರ್ಷ, ಅಳತೆಯ ಪ್ರಮಾಣ, ಚಿಹ್ನೆಗಳ ವಿವರ ಇವೆಲ್ಲ ಇರುವುದರಿಂದ ಅದನ್ನು ಹಾಳೆಯ ಬೆನ್ನಿಗೆ ಅಂಟಿಸಿಕೊಳ್ಳಬೇಕು.

ಈಗ ಮಡಿಕೆ. ನಡೆಯುವ ದಾರಿಯು ಹಾಳೆಗಳ ನಡುಭಾಗದಲ್ಲಿ ಇರುವುದರಿಂದ, ಮೇಲಿನ ಮತ್ತು ಕೆಳಗಿನ ಭಾಗಗಳನ್ನು ಹಿಂದಕ್ಕೆ ಮಡಿಸಿ, ಇಪ್ಪತ್ತು ಸೆಂಟಿಮೀಟರು ಅಗಲದ ಒಂದು ಪಟ್ಟಿಯನ್ನು ಮಾತ್ರ ಹೊರಗೆ ಬಿಡಬೇಕು. ಇದು ನೆಲದ ಮೇಲೆ ಹತ್ತು ಕಿಲೋಮೀಟರು ಅಗಲದ ಪಟ್ಟಿ. ಅನಂತರ ಆ ಪಟ್ಟಿಯನ್ನು ಹನ್ನೆರಡು ಹನ್ನೆರಡು ಸೆಂಟಿಮೀಟರಿಗೆ ಒಂದರಂತೆ ಹಿಂದಕ್ಕೂ ಮುಂದಕ್ಕೂ ಮಡಿಸಿಕೊಂಡು ಹೋಗಬೇಕು. ಒಂದು ಮಡಿಕೆಯಲ್ಲಿ ಆರು ಕಿಲೋಮೀಟರು ಅಡಗುತ್ತದೆ. ಗಂಟೆಗೆ ನಾಲ್ಕು ಕಿಲೋಮೀಟರು ನಡೆಯುವವನಿಗೆ ಅದು ಒಂದೂವರೆ ಗಂಟೆಯ ದಾರಿ. ಕೊಪ್ಪಳದಿಂದ ಗಂಗಾವತಿಗೆ ಏಳು ಮಡಿಕೆಗಳು. ಒಂದು ಮಡಿಕೆ ನಡೆದು ಮುಗಿಯಿತೆಂದರೆ ಪುಟವನ್ನು ತಿರುವಿದಂತೆ ಮುಂದಿನದನ್ನು ಮೇಲಕ್ಕೆ ತಂದುಕೊಳ್ಳುವುದು. ಕಾಗದವನ್ನು ಪೂರ್ತಿಯಾಗಿ ಬಿಡಿಸುವ ಪ್ರಸಂಗವೇ ಬರುವುದಿಲ್ಲ. ಗಡಿಯಾರವನ್ನು ನೋಡಿದರೆ ಯಾವ ಮಡಿಕೆಯಲ್ಲಿ ಇರಬೇಕೆಂಬುದೂ, ಮಡಿಕೆಯನ್ನು ನೋಡಿದರೆ ತಡವಾಯಿತೇ ಎಂಬುದೂ ತಿಳಿಯುತ್ತದೆ.

ಈ ಮಡಿಕೆಯು ಪರದೇಶದಿಂದ ಬಂದ ವಿದ್ಯೆಯೆಂದು ಭಾವಿಸಬೇಕಾಗಿಲ್ಲ. ನಮ್ಮ ಶಾನುಭೋಗರೂ ವರ್ತಕರೂ ಇಟ್ಟುಕೊಳ್ಳುತ್ತಿದ್ದ ಕಡತವು ಹೀಗೆಯೇ ಇದ್ದಿತು. ಬಟ್ಟೆಗೆ ಹುಣಿಸೆಯ ಬೀಜದ ಸರಿಯನ್ನೂ ಇದ್ದಿಲಿನ ಮಸಿಯನ್ನೂ ಬಳಿದು, ಒಣಗಿಸಿ, ಹಿಂದಕ್ಕೂ ಮುಂದಕ್ಕೂ ಮಡಿಸಿ, ಬಳಪದಿಂದ ಅದರ ಮೇಲೆ ಲೆಕ್ಕವನ್ನು ಬರೆಯುತ್ತಿದ್ದರು, ಬೇಡವಾದರೆ ಅಳಿಸುತ್ತಿದ್ದರು. ಬೇಕಾದ ಪುಟವನ್ನು ಮಾತ್ರ ಬಿಡಿಸುವುದು, ಬಟ್ಟೆಯಾದ್ದರಿಂದ ಮಡಿಕೆಯಲ್ಲಿ ಹರಿಯದಿರುವುದು, ಬರೆದದ್ದನ್ನು ಅಳಿಸುವಂತಿರುವುದು, ಈ ಮೂರು ಗುಣಗಳೇ ಸೈನಿಕನ ಭೂಪಟಕ್ಕೂ ಬೇಕಾದವು. ಕಾಗದದ ಬೆನ್ನಿಗೆ ಬಟ್ಟೆಯನ್ನು ಅಂಟಿಸುವ ಪದ್ಧತಿಯು ಅದಕ್ಕಾಗಿಯೇ ಬಂದದ್ದು. ಪಾರದರ್ಶಕವಾದ ಹಾಳೆಯ ಕಿಟಕಿಯುಳ್ಳ ಚೀಲದಲ್ಲಿ ಭೂಪಟವನ್ನು ಇಟ್ಟು, ಆ ಕಿಟಕಿಯ ಮೇಲೆ ಮೇಣದ ಸೀಸದಕಡ್ಡಿಯಿಂದ ಗುರುತುಮಾಡಿ, ಕೆಲಸವು ತೀರಿದ ಮೇಲೆ ಬಟ್ಟೆಯಿಂದ ಒರೆಸಿಬಿಡುವ ಪದ್ಧತಿಯೂ ಕಡತದ ಬಳಪದ ಸೋದರನೇ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷರು ವಿಮಾನದಾಳುಗಳಿಗಾಗಿ ಭೂಪಟಗಳನ್ನು ರೇಷ್ಮೆಯ ಮೇಲೆಯೇ ಅಚ್ಚುಹಾಕಿಸಿದರು. ಅವು ನೆನೆದರೆ ಕೆಡುತ್ತಿರಲಿಲ್ಲ. ಅಂಗಿಯ ಒಳಗೆ ಮುಚ್ಚಿಟ್ಟರೆ ಸದ್ದುಮಾಡುತ್ತಿರಲಿಲ್ಲ.

ಭೂಪಟವನ್ನು ಮೈಮೇಲೆ ಎಲ್ಲಿ ಇಟ್ಟುಕೊಳ್ಳಬೇಕು? ಬೆನ್ನ ಮೇಲಣ ಮೂಟೆಯಲ್ಲಿ ಎಂದಿಗೂ ಕೂಡದು. ಕಾದಾಟವು ಬಂದಾಗ ಸಿಪಾಯಿಯು ಮೊದಲು ಇಳಿಸುವುದು ಮೂಟೆಯನ್ನು. ಇಳಿಸಿದ ಮೂಟೆಗೆ ಮರಳಿ ಬರುವನೆಂಬ ಭರವಸೆಯಿಲ್ಲ. ಎದೆಯ ಅಥವಾ ತೊಡೆಯ ಜೇಬಿನಲ್ಲಿ, ಬಂದೂಕನ್ನು ಬಿಡದೆ ಒಂದೇ ಕೈಯಿಂದ ತೆಗೆಯಬಹುದಾದ ಕಡೆ, ಚೀಲದ ದಾರವನ್ನು ಅಂಗಿಯ ಗುಂಡಿಗೆ ಕಟ್ಟಿ ಇಡಬೇಕು. ಮುಂದಿನ ಹಾಳೆಗಳನ್ನು ನಡೆಯುವ ಕ್ರಮದಲ್ಲಿ ಒಂದರ ಹಿಂದೆ ಒಂದನ್ನು ಇಟ್ಟು, ಪ್ರತಿಯೊಂದರ ಹೊರಮಡಿಕೆಯ ಮೂಲೆಯಲ್ಲಿ ಅಂಕಿಯನ್ನು ದಪ್ಪವಾಗಿ ಬರೆದಿರಬೇಕು. ನಡೆದು ಮುಗಿದ ಹಾಳೆಯು ಕಟ್ಟಿನ ಹಿಂದಕ್ಕೆ ಹೋಗಬೇಕೇ ಹೊರತು ಬಿಸಾಡತಕ್ಕದ್ದಲ್ಲ, ಹಿಂದಕ್ಕೆ ಬರುವ ದಾರಿಯೂ ಅದರಲ್ಲಿಯೇ ಇರುವುದರಿಂದ. ದಿಕ್ಸೂಚಿಯನ್ನು ಬಂದೂಕಿನಿಂದ ದೂರವಿಟ್ಟು ನೋಡಬೇಕು. ಉಕ್ಕು ಅದರ ಸೂಜಿಯನ್ನು ಎಳೆಯುತ್ತದೆ. ಸೂಜಿಯು ತೋರಿಸುವ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಇರುವ ಅಂತರವು ನಮ್ಮ ಪ್ರಾಂತದಲ್ಲಿ ಅತ್ಯಲ್ಪವಾದುದರಿಂದ ಕಾಲಾಳಿಗೆ ಅದರ ಲೆಕ್ಕದ ಕಷ್ಟವು ಹೆಚ್ಚಾಗಿಲ್ಲ.

ರಾತ್ರಿಯ ನಡಿಗೆಗೆ ಒಂದು ಎಚ್ಚರಿಕೆಯನ್ನು ಹೇಳಬೇಕು. ಕಣ್ಣಿನ ಕತ್ತಲೆಯ ಶಕ್ತಿಯು ಕೆಡದಿರಲೆಂದು ಕೆಂಪು ದೀಪವನ್ನು ಉಪಯೋಗಿಸುವುದುಂಟು. ನಮ್ಮ ಸರ್ವೇಕ್ಷಣದ ಹಾಳೆಗಳಲ್ಲಿ ರಸ್ತೆಗಳೂ ಊರುಗಳೂ ಕೆಂಪು. ಎತ್ತರವನ್ನು ತೋರಿಸುವ ಗೆರೆಗಳು ಕಂದು. ಕೆಂಪು ಬೆಳಕಿನ ಕೆಳಗೆ ಇವೆರಡೂ ಕಣ್ಣಿಗೆ ಮಾಯವಾಗುತ್ತವೆ. ಹೇಮಗುಡ್ಡದ ಕಡೆಯ ಬಂಡೆಗಳ ನಡುವೆ ಎತ್ತರದ ಗೆರೆ ಕಾಣದೆ ನಡೆಯುವುದೆಂದರೆ ಏನೆಂಬುದನ್ನು ಆ ಬೆಟ್ಟಗಳನ್ನು ಕಂಡವರು ಊಹಿಸಬಲ್ಲರು. ಹೊರಡುವ ಮೊದಲೇ, ಬೆಳಕು ಇರುವಾಗ, ಏರುವ ಕಡೆ, ಇಳಿಯುವ ಕಡೆಗಳನ್ನು ಕಪ್ಪು ಸೀಸದಲ್ಲಿ ಗುರುತು ಮಾಡಿಕೊಳ್ಳುವುದು ಕ್ಷೇಮ.

ಹೆಜ್ಜೆಯ ಎಣಿಕೆಯು ಭೂಪಟದ ಜೋಡಿ. ಎಷ್ಟು ನಡೆದೆವೆಂಬುದು ತಿಳಿಯದಿದ್ದರೆ ಎಲ್ಲಿದ್ದೇವೆಂಬುದು ತಿಳಿಯುವುದಿಲ್ಲ. ಈ ವಿದ್ಯೆಯ ಪರಾಕಾಷ್ಠೆಯನ್ನು ಮುಟ್ಟಿದವನು ಹಿಮಾಲಯದ ಕುಮಾವುಂ ಸೀಮೆಯ ನೈನ್ ಸಿಂಗನು. ಪರಕೀಯರಿಗೆ ಪ್ರವೇಶವಿಲ್ಲದಿದ್ದ ತಿಬ್ಬತ್ತಿಗೆ ಅವನು 1865ರಲ್ಲಿ ವೇಷಮರೆಸಿಕೊಂಡು ಹೊರಟು, ಮುಂದಿನ ವರ್ಷ ಲ್ಹಾಸಾ ನಗರವನ್ನು ಮುಟ್ಟಿದನು. ಅವನ ಕೈಯ ಜಪಮಾಲೆಯಲ್ಲಿ 108 ಮಣಿಗಳಿಗೆ ಬದಲಾಗಿ 100 ಮಣಿಗಳು; ನೂರು ಹೆಜ್ಜೆಗೆ ಒಂದು ಮಣಿ ಜಾರುತ್ತಿತ್ತು. ಮೈಲಿಗೆ 2000 ಹೆಜ್ಜೆಯಂತೆ ನಡೆಯುವ ಅಭ್ಯಾಸವನ್ನು ಮಾಡಿಕೊಂಡಿದ್ದನು. ಬರೆದುಕೊಂಡ ಕಾಗದಗಳನ್ನು ಪ್ರಾರ್ಥನಾಚಕ್ರದ ಒಳಗೆ, ಮಂತ್ರದ ಸುರುಳಿ ಇರಬೇಕಾದ ಸ್ಥಳದಲ್ಲಿ ಇಡುತ್ತಿದ್ದನು. ಆ ಕಾಗದವು ಸಿಕ್ಕಿದ್ದರೆ ಅವನ ತಲೆ ಹೋಗುತ್ತಿತ್ತು. ಭೂಪಟವನ್ನು ಹೊರುವುದೆಂದರೆ ಅದನ್ನು ಅಡಗಿಸುವುದೂ ಸೇರಿದೆಯೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಕಿಲ್ಲ.

ಈ ಮಾತು ನಮ್ಮನ್ನು ವಿಷಯದ ಮರ್ಮಕ್ಕೆ ತರುತ್ತದೆ. ಭೂಪಟವು ಕೈಯಲ್ಲಿ ಇರುವವನಿಗೆ ಎಷ್ಟು ಉಪಕಾರಮಾಡುತ್ತದೆಯೋ, ಅವನು ಸಿಕ್ಕಿಬಿದ್ದರೆ ಅವನ ಕಡೆಯವರಿಗೆ ಅಷ್ಟೇ ಅಪಕಾರ ಮಾಡುತ್ತದೆ. ಅಚ್ಚಾದ ಹಾಳೆಯಿಂದ ಶತ್ರುವಿಗೆ ಸಿಕ್ಕುವುದು ನೆಲದ ವಿವರ ಮಾತ್ರ. ಅದರ ಮೇಲೆ ಮಾಡಿದ ಗುರುತುಗಳಿಂದ ಸಿಕ್ಕುವುದು ಮನುಷ್ಯರ ವಿವರ. ಎಲ್ಲಿ ಪಡೆ ತಂಗಿದೆ, ಎಲ್ಲಿ ಕೂಡಬೇಕೆಂದು ಗೊತ್ತುಮಾಡಿದೆ, ಯಾವ ಊರಿನವರು ನೀರು ಕೊಟ್ಟರು ಎಂಬ ಗುರುತುಗಳನ್ನು ಹೊತ್ತ ಹಾಳೆಯು ಸೆರೆಸಿಕ್ಕಿದರೆ, ಮರುದಿನ ಪಡೆಗೂ ಆ ಊರಿಗೂ ಗಂಡಾಂತರವು ತಪ್ಪಿದ್ದಲ್ಲ. ಆದುದರಿಂದ ಮುಂದಕ್ಕೆ ನಡೆಯುವ ಸಿಪಾಯಿಯ ಹಾಳೆಯ ಮೇಲೆ ತನ್ನವರ ನೆಲೆಗಳ ಗುರುತು ಇರಕೂಡದು. ಬೆರಳಿನಿಂದ ಒಂದೇ ಕಡೆ ಮತ್ತೆ ಮತ್ತೆ ಮುಟ್ಟಿ ತೋರಿಸುವುದೂ ತಪ್ಪು. ಬೆವರಿನ ಕೊಳೆ ಅಲ್ಲಿಯೇ ಕೂತು ಗುಟ್ಟನ್ನು ಹೇಳಿಬಿಡುತ್ತದೆ. ತೋರಿಸುವುದಕ್ಕೆ ಒಂದು ಹುಲ್ಲುಕಡ್ಡಿ ಸಾಕು.

ಹಾಗಾದರೆ ಗುರುತುಗಳೆಲ್ಲ ಎಲ್ಲಿ ಇರಬೇಕು? ತಲೆಯಲ್ಲಿ, ಅದೂ ಒಬ್ಬನ ತಲೆಯಲ್ಲಿ ಅಲ್ಲ. ಸಾಮಾನ್ಯವಾಗಿ ಭೂಪಟವು ದೊರೆಯುತ್ತಿದ್ದದ್ದು ದಳದ ನಾಯಕನಿಗೆ. ಹಿಂದೆ ನಡೆಯುವ ಸಿಪಾಯಿಗೆ ಮುಂದಿನವನ ಬೆನ್ನೇ ಭೂಪಟ. ನಾಯಕನು ಬಿದ್ದರೆ ಭೂಪಟವೂ ಅವನೊಡನೆ ಬೀಳುತ್ತದೆ. ಬಲ್ಲ ನಾಯಕನು ಹೊರಡುವ ಮೊದಲು ನೆಲದ ಮೇಲೆ ಮಣ್ಣು, ಕಲ್ಲು, ಕಡ್ಡಿಗಳಿಂದ ಒಂದು ಸೀಮೆಯನ್ನೇ ಕಟ್ಟಿ, ಇದು ಕೊಪ್ಪಳದ ಕೋಟೆಯ ಬೆಟ್ಟ, ಇದು ಹಿರೇಹಳ್ಳ, ಇದು ರೈಲಿನ ದಾರಿ, ಇಲ್ಲಿ ಚದುರಿದರೆ ಅಲ್ಲಿ ಕೂಡತಕ್ಕದ್ದು ಎಂದು ಪ್ರತಿಯೊಬ್ಬನಿಂದಲೂ ಹೇಳಿಸುತ್ತಾನೆ. ಅನಂತರ ಕಾಲಿನಿಂದ ಅದನ್ನು ಅಳಿಸಿಬಿಡುತ್ತಾನೆ. ಸುಗ್ರೀವನು ಮಾಡಿದ್ದೂ ಇದನ್ನೇ. ಗಡಿ ಶಿಬಿರಗಳಿಂದ ಈ ಸೀಮೆಗೆ ದಾಟಿ ಬರುತ್ತಿದ್ದವರ ಬಲವೂ, ಊರು ಕೇರಿಗಳನ್ನು ಹುಟ್ಟಿನಿಂದ ಬಲ್ಲ ಜನರು ತಮ್ಮಲ್ಲಿಯೇ ಇದ್ದರೆಂಬುದು.

ಇನ್ನು ಭೂಪಟವನ್ನು ಎಷ್ಟರಮಟ್ಟಿಗೆ ನಂಬಬಹುದೆಂಬ ಪ್ರಶ್ನೆ ಉಳಿದಿದೆ. ಮೊದಲನೆಯದು ಹೆಸರಿನ ತೊಡಕು. ನಮ್ಮ ನಾಡಿನಲ್ಲಿ ಹಿರೇ, ಚಿಕ್ಕ ಎಂಬ ಜೋಡಿ ಊರುಗಳಿಗೆ ಲೆಕ್ಕವಿಲ್ಲ. ಕೊಪ್ಪಳದ ಕಡೆ ಹಿರೇಸಿಂದೋಗಿ, ಚಿಕ್ಕಸಿಂದೋಗಿ. ಗಂಗಾವತಿಯ ಕಡೆ ಹಿರೇಬೆಣಕಲ್, ಚಿಕ್ಕಬೆಣಕಲ್. ನೂರಾರು ಶಿಲಾಸಮಾಧಿಗಳಿಂದ ಪ್ರಸಿದ್ಧವಾದ ಹಿರೇಬೆಣಕಲ್ಲಿಗೆ ಹೋಗಬೇಕಾದವನು ಬರಿಯ ಬೆಣಕಲ್ ಎಂದು ಕೇಳಿದರೆ ಹೇಳಿದವನದೂ ತಪ್ಪಲ್ಲ, ಕೇಳಿದವನು ಮುಟ್ಟುವುದೂ ನಿಜವಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಹೆಸರು ಮತ್ತೊಂದು ತೊಡಕು. ಹಳೆಯ ದಾಖಲೆಗಳಲ್ಲಿ ಕೊಪ್ಪಳವು ‘ಕೊಪ್ಬಲ್’ ಆಗಿದೆ. ಹಾಗೆಂದು ಹೆಸರಿಟ್ಟು ದಾರಿ ಕೇಳಿದರೆ ಹೊಲದಲ್ಲಿ ಕೆಲಸಮಾಡುವ ಮುದುಕಿಯು ಏನೆಂದು ಉತ್ತರ ಹೇಳಿಯಾಳು? ಹಾಳೆಯ ಮೇಲಣ ಹೆಸರುಗಳ ಪಕ್ಕದಲ್ಲಿ ಜನರು ಆಡುವ ಹೆಸರನ್ನು ಕನ್ನಡದಲ್ಲಿ ಬರೆದುಕೊಳ್ಳುವುದು ಅರ್ಧ ಗಂಟೆಯ ಕೆಲಸ; ಅದರಿಂದ ಉಳಿಯುವುದು ಅರ್ಧ ದಿನದ ನಡಿಗೆ.

ಎರಡನೆಯದು ನೀರಿನ ತೊಡಕು. ಈ ಹಾಳೆಗಳಲ್ಲಿ ನೀರುಳ್ಳ ಹಳ್ಳವು ನೀಲಿ. ಒಣಗಿದ ಹಳ್ಳವು ಕಪ್ಪು. ಕುಷ್ಟಗಿ, ಯಲಬುರ್ಗಾಗಳ ಕಡೆಯ ಹಾಳೆಗಳನ್ನು ತೆರೆದರೆ ಕಪ್ಪು ಗೆರೆಗಳೇ ಹೆಚ್ಚು. ಬೇಸಗೆಯಲ್ಲಿ ಅಲ್ಲಿ ನಡೆಯುವವನು ದಾರಿಯನ್ನು ರಸ್ತೆಯ ಪ್ರಕಾರ ಆರಿಸಿಕೊಳ್ಳದೆ ಬಾವಿ ಕೆರೆಗಳ ಪ್ರಕಾರ ಆರಿಸಿಕೊಳ್ಳಬೇಕು. ಮಳೆಗಾಲದಲ್ಲಿ ಇದೇ ಮಾತು ತಿರುಗುಮುರುಗಾಗುತ್ತದೆ. ಕಪ್ಪಾಗಿ ಕಂಡ ಹಳ್ಳವು ತುಂಬಿ ಹರಿಯುತ್ತದೆ. ಎರೆಯ ನೆಲವು ಕಾಲನ್ನು ಹಿಡಿದುಕೊಂಡು ಬಿಡುವುದಿಲ್ಲ. ಭೂಪಟಕ್ಕೆ ಋತುಗಳಿಲ್ಲ, ಅವುಗಳನ್ನು ಓದುವವನೇ ಕೂಡಿಸಿಕೊಳ್ಳಬೇಕು.

ಮೂರನೆಯದು ಎಲ್ಲಕ್ಕಿಂತ ದೊಡ್ಡದು, ಕಾಲದ ತೊಡಕು. ತುಂಗಭದ್ರಾ ಅಣೆಕಟ್ಟಿಗೆ ಹೈದರಾಬಾದ್ ಮತ್ತು ಮದರಾಸು ಸರ್ಕಾರಗಳು 1945ರಲ್ಲಿ ಶಂಕುಸ್ಥಾಪನೆಯನ್ನು ನೆರವೇರಿಸಿದವು. 1953ರಲ್ಲಿ ಕಟ್ಟೆಯ ಹಿಂದೆ ನೀರು ನಿಂತಿತು. ಸುಮಾರು 378 ಚದರ ಕಿಲೋಮೀಟರು ನೆಲವು ಜಲಾಶಯದ ಪಾಲಾಗಿ, ಹಲವು ಹತ್ತು ಗ್ರಾಮಗಳು ಮುಳುಗಿದವು. ಅದಕ್ಕೆ ಮುಂಚಿನ ಹಾಳೆಯನ್ನು ಹಿಡಿದು ಕೊಪ್ಪಳದ ದಕ್ಷಿಣಕ್ಕೆ ನಡೆದವನಿಗೆ, ಊರು, ಗುಡಿ, ಮಾವಿನ ತೋಪು ಎಂದು ಕಾಗದದಲ್ಲಿ ಕಂಡ ಕಡೆ ಕಣ್ಣಿಗೆ ಕಾಣುವುದು ನೀರು. ಗಂಗಾವತಿಯ ಕಡೆಯ ಬದಲಾವಣೆಯೂ ಕಡಮೆಯದಲ್ಲ. ಎಡದಂಡೆಯ ಕಾಲುವೆಯು ಬಂದು, ಜೋಳದ ಹೊಲಗಳು ಭತ್ತದ ಗದ್ದೆಗಳಾಗಿ, ‘ಕ್ಯಾಂಪು’ ಎಂಬ ಹೆಸರನ್ನು ಹೊತ್ತ ಹೊಸ ಊರುಗಳು ಎದ್ದಿವೆ. ಹಿಂದೆ ಸಿಪಾಯಿಯು ನೇರವಾಗಿ ನಡೆದು ದಾಟಬಹುದಾಗಿದ್ದ ಬಯಲನ್ನು ಈಗ ಕಾಲುವೆಯ ಸೇತುವೆಗಳನ್ನು ಹುಡುಕಿಕೊಂಡು ದಾಟಬೇಕು. ನಿಜಾಮನ ಸೀಮೆಯ ಗಡಿ, ಕೊಪ್ಪಳ ಯಲಬುರ್ಗಾಗಳನ್ನು ಒಳಗೊಂಡಿದ್ದ ಸಾಲಾರ್ ಜಂಗರ ಜಾಗೀರಿನ ಎಲ್ಲೆ, ಇವು ಕಾಗದದಿಂದ ಅಳಿದುಹೋಗಿವೆ. 1997ರಲ್ಲಿ ರಾಯಚೂರಿನಿಂದ ಬೇರೆಯಾದ ಕೊಪ್ಪಳ ಜಿಲ್ಲೆಯಲ್ಲಿ ಈ ನಾಲ್ಕು ತಾಲ್ಲೂಕುಗಳ ಜೊತೆಗೆ ಕುಕನೂರು, ಕನಕಗಿರಿ, ಕಾರಟಗಿ ಎಂಬ ಹೊಸ ತಾಲ್ಲೂಕುಗಳೂ ಈಗ ಇವೆ. ಆದುದರಿಂದ ಹಾಳೆಯನ್ನು ಕೈಗೆ ತೆಗೆದುಕೊಂಡವನು ಮೊದಲು ನೋಡಬೇಕಾದದ್ದು ಊರನ್ನಲ್ಲ, ಅಂಚಿನಲ್ಲಿ ಅಚ್ಚಾಗಿರುವ ಮೋಜಣಿಯ ವರ್ಷವನ್ನು.

ಉಪಗ್ರಹಗಳ ಸಹಾಯದಿಂದ ಅಂಗೈಯ ಯಂತ್ರವೇ ನೀನು ಇಲ್ಲಿದ್ದೀಯೆ ಎಂದು ಹೇಳುವ ಈ ಕಾಲದಲ್ಲಿ ಕಾಗದದ ಗೊಡವೆ ಏತಕ್ಕೆ ಎಂದು ಕೇಳುವವರು ಉಂಟು. ಯಂತ್ರದ ಉಪಕಾರವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಯಂತ್ರಕ್ಕೆ ವಿದ್ಯುತ್ತು ಬೇಕು. ಅದರ ಸಂಕೇತವನ್ನು ಶತ್ರುವು ಕೆಡಿಸಬಲ್ಲನು. ಅದರ ಬೆಳಕು ಕತ್ತಲೆಯಲ್ಲಿ ದೂರಕ್ಕೆ ಕಾಣುತ್ತದೆ. ಅದಕ್ಕಿಂತ ಮುಖ್ಯವಾಗಿ, ಯಂತ್ರವು ನಿಂತ ಸ್ಥಳವನ್ನು ಹೇಳುತ್ತದೆ. ಏಳು ಮಡಿಕೆಗಳ ದಾರಿಯನ್ನು ಮುಂಚಿತವಾಗಿ ಮನಸ್ಸಿನಲ್ಲಿ ನಡೆದುನೋಡುವ ಅಭ್ಯಾಸವನ್ನು ಕೊಡುವುದು ಕಾಗದವೇ.

ಈ ಅಭ್ಯಾಸವು ಸಿಪಾಯಿಗೆ ಮಾತ್ರ ಮೀಸಲಾದುದಲ್ಲ. ಬಹುಕಾಲ ನಮ್ಮ ದೇಶದಲ್ಲಿ ವಿವರವಾದ ಭೂಪಟಗಳು ಸಾಮಾನ್ಯರ ಕೈಗೆ ಸುಲಭವಾಗಿ ಸಿಕ್ಕುತ್ತಿರಲಿಲ್ಲ. 2005ರ ಭೂಪಟ ನೀತಿಯೂ 2021ರ ಹೊಸ ನಿಯಮಗಳೂ ಆ ಬಿಗಿಯನ್ನು ಬಹಳ ಮಟ್ಟಿಗೆ ಸಡಿಲಿಸಿವೆ. ನದಿಯು ಉಕ್ಕಿ ಹಳ್ಳಿಗಳು ದಾರಿಯಿಲ್ಲದೆ ನಿಂತಾಗ, ಅಕ್ಕಿಯ ಮೂಟೆಯನ್ನು ಹೊತ್ತು ಹೋಗುವ ತರುಣರೂ ಕಾಲಾಳುಗಳೇ. ಯಾವ ಹಾಳೆ, ಯಾವ ವರ್ಷದ್ದು, ಊರವರು ಆ ಹಳ್ಳವನ್ನು ಏನೆಂದು ಕರೆಯುತ್ತಾರೆ, ಹಿಂದಿರುಗಿ ಎಲ್ಲಿ ಕೂಡಬೇಕು ಎಂಬ ನಾಲ್ಕು ಪ್ರಶ್ನೆಗಳನ್ನು ಹೊರಡುವ ಮೊದಲೇ ಕೇಳಿಕೊಂಡವರ ಮೂಟೆಯು ಊರನ್ನು ಮುಟ್ಟುತ್ತದೆ. ತಮ್ಮ ತಾಲ್ಲೂಕಿನ ಹಾಳೆಯನ್ನು ತರಿಸಿ, ಒಂದು ಸಂಜೆ ಮನೆಯ ಮಕ್ಕಳನ್ನು ಸುತ್ತಲೂ ಕೂರಿಸಿಕೊಂಡು ಅದನ್ನು ಬಿಡಿಸಿ ನೋಡಬೇಕೆಂದು ವಾಚಕರಲ್ಲಿ ನಮ್ಮ ವಿಜ್ಞಾಪನೆ.